ಮಿಲ್ಲೋ, ರೀಲಿಂಗ್ ಶೆಡ್ಡೋ, ಹೆಂಚಿನ ಕಾರ್ಖಾನೆಯೋ? ಹಳೆ ಕಟ್ಟಡವನ್ನು ಮನೆ ಮಾಡಿಕೊಳ್ಳುವ ಮುಂಚೆ

ನಮ್ಮ ಮನೆಗೆ ಮೊದಲ ಸಲ ಬಂದವರು ಬಾಗಿಲಲ್ಲೇ ನಿಂತು ತಲೆ ಎತ್ತಿ ನೋಡುತ್ತಾರೆ. ಮಾಡು ಅಷ್ಟು ಎತ್ತರ. ಅದನ್ನು ಹೊರುವ ತ್ರಿಕೋನ ಚೌಕಟ್ಟು, ಅಂದರೆ ಮರದ ಟ್ರಸ್ಸು, ಅದರ ಮೇಲೆ ರೀಪು, ಅದರ ಮೇಲೆ ಮಂಗಳೂರು ಹೆಂಚು. ಚಿಂತಾಮಣಿಯ ಈ ಮನೆ ಹಿಂದೆ ಕಡಲೆಕಾಯಿ ಎಣ್ಣೆ ಮಿಲ್ಲಾಗಿತ್ತು. ಬಹಳ ವರ್ಷ ಬೀಗ ಬಿದ್ದಿತ್ತು. ನಾವು ಅದನ್ನು ಕೆಡವದೆ ಮನೆ ಮಾಡಿಕೊಂಡೆವು.

ನೋಡಿ ಹೋದವರಲ್ಲಿ ಕೆಲವರು ಆಮೇಲೆ ಫೋನ್ ಮಾಡುತ್ತಾರೆ. ಈ ವರ್ಷ ಮೂರು ಕಡೆಯಿಂದ ಒಂದೇ ಪ್ರಶ್ನೆ ಬಂತು. ದೇವನಹಳ್ಳಿ ಕಡೆ ಕೆಲಸ ಮಾಡುವ ಗಂಡ ಹೆಂಡತಿ ಶಿಡ್ಲಘಟ್ಟದಲ್ಲಿ ಮುಚ್ಚಿದ ರೇಷ್ಮೆ ರೀಲಿಂಗ್ ಘಟಕ, ಅಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುತ್ತಿದ್ದ ಜಾಗ ನೋಡಿದ್ದಾರೆ. ನಾಲ್ಕು ಜನ ಸ್ನೇಹಿತರು ಮಾಲೂರಿನ ಹೆಂಚಿನ ಕಾರ್ಖಾನೆಯೊಂದರ ಮೇಲೆ ಕಣ್ಣಿಟ್ಟಿದ್ದಾರೆ. ಮಧುಗಿರಿಯ ನಿವೃತ್ತ ಮೇಷ್ಟ್ರೊಬ್ಬರ ಪಾಲಿಗೆ ಅಪ್ಪನ ಕಾಲದ ಅಕ್ಕಿ ಮಿಲ್ಲು ಬಂದಿದೆ. ಇಟ್ಟುಕೊಳ್ಳಬೇಕಾ, ಕೆಡವಬೇಕಾ, ಬಿಟ್ಟು ಬೇರೆ ನೋಡಬೇಕಾ? ಎಲ್ಲರಿಗೂ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಒಂದು ಕಡೆ ಬರೆಯುತ್ತಿದ್ದೇನೆ.

ಇಟ್ಟುಕೊಳ್ಳುವುದಕ್ಕೆ ಕಾರಣ ಬರೀ ಹಳೆಯದರ ಮೇಲಿನ ಪ್ರೀತಿಯಲ್ಲ. ಜಗತ್ತಿನಲ್ಲಿ ಮನುಷ್ಯರಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು 8% ಸಿಮೆಂಟ್ ತಯಾರಿಕೆಯೊಂದರಿಂದಲೇ ಬರುತ್ತದೆ. ನಿಂತಿರುವ ಒಂದೂವರೆ ಅಡಿ ದಪ್ಪದ ಕಲ್ಲುಗೋಡೆಗೆ ಹೊಸದಾಗಿ ಏನನ್ನೂ ಸುಡಬೇಕಾಗಿಲ್ಲ. ಅದನ್ನು ಕೆಡವಿ ಲಾರಿಯಲ್ಲಿ ತುಂಬಿ ಕೆರೆ ಅಂಗಳಕ್ಕೆ ಸುರಿದು, ಅದೇ ಜಾಗದಲ್ಲಿ ಸಿಮೆಂಟು ಕಬ್ಬಿಣ ತಂದು ಕಟ್ಟುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಉಳಿಸಬಾರದ ಕಟ್ಟಡಗಳೂ ಇವೆ.

ಮೊದಲು ಏನನ್ನು ನೋಡಬೇಕು

ಚೆಂದ ನೋಡಬೇಡಿ. ಕಟ್ಟಡದಲ್ಲಿ ಏನು ಕೆಲಸ ನಡೆಯುತ್ತಿತ್ತು ಅಂತ ಕೇಳಿ. ನನ್ನ ಅನುಭವದಲ್ಲಿ ಉಳಿದ ಎಲ್ಲ ಲೆಕ್ಕವೂ ಇದರ ಹಿಂದೆಯೇ ಬರುತ್ತದೆ. ಎಣ್ಣೆ ಮಿಲ್ಲಿನ ಗೋಡೆ ಎಣ್ಣೆ ಕುಡಿದಿರುತ್ತದೆ. ರೀಲಿಂಗ್ ಘಟಕ ವರ್ಷಗಟ್ಟಲೆ ಹಬೆ ಕುಡಿದಿರುತ್ತದೆ. ಹೆಂಚಿನ ಕಾರ್ಖಾನೆ ಬೆಂಕಿಯನ್ನು ನೋಡಿರುತ್ತದೆ. ಅಲ್ಲಿ ದುಡಿದ ಒಬ್ಬ ಹಿರಿಯರನ್ನು ಹುಡುಕಿ, ಜೊತೆಗೆ ಕರೆದುಕೊಂಡು ಹೋಗಿ. ಎಂಜಿನ್ ಎಲ್ಲಿತ್ತು, ಡೀಸೆಲ್ ಎಲ್ಲಿ ಇಡುತ್ತಿದ್ದರು, ಗಲೀಜು ನೀರು ಎಲ್ಲಿಗೆ ಹೋಗುತ್ತಿತ್ತು ಅಂತ ಕೇಳಿ. ಅರ್ಧ ಗಂಟೆಯಲ್ಲಿ ನಿಮಗೆ ಬೇಕಾದ ನಕ್ಷೆ ಸಿಗುತ್ತದೆ.

ಎರಡನೆಯದು ಕಾಗದ. ಕಾರ್ಖಾನೆಗೆಂದು ಭೂ ಪರಿವರ್ತನೆ ಆದ ಜಾಗದಲ್ಲಿ ಸುಮ್ನೆ ಮನೆ ಮಾಡಿಕೊಂಡು ಕೂರಲು ಆಗುವುದಿಲ್ಲ. ಪರಿವರ್ತನೆ ಆದೇಶದಲ್ಲಿ ಯಾವ ಉದ್ದೇಶ ಬರೆದಿದೆ ಅಂತ ಓದಿ. ಊರಿನ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಆ ಜಾಗ ಕೈಗಾರಿಕೆ ವಲಯಕ್ಕೆ ಸೇರಿದ್ದರೆ ಯೋಜನಾ ಪ್ರಾಧಿಕಾರದಿಂದ ಭೂ ಉಪಯೋಗ ಬದಲಾವಣೆ ಮಾಡಿಸಬೇಕು. ಸರ್ಕಾರದ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆಗೆ ಕೊಟ್ಟ ನಿವೇಶನವಾದರೆ ಆಸೆ ಅಲ್ಲಿಗೇ ಬಿಡಿ. ಮಿಲ್ಲುಗಳ ಮೇಲೆ ಬ್ಯಾಂಕ್ ಸಾಲ ಇರುವುದು ಜಾಸ್ತಿ, ಹಾಗಾಗಿ ಕನಿಷ್ಠ 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿ. ವಂಶವೃಕ್ಷ ನೋಡಿ. ಅಣ್ಣತಮ್ಮಂದಿರ ಜೊತೆ ಅಕ್ಕತಂಗಿಯರ ಸಹಿಯೂ ಬೇಕು. ಬೆಸ್ಕಾಂನಲ್ಲಿ ಹಳೆ ಬಾಕಿ ಇದೆಯಾ ಕೇಳಿ. ಅದನ್ನು ಹೊಸ ಮಾಲೀಕರ ಹತ್ತಿರ ಕೇಳಬಹುದು. ಇನ್ನೊಂದು ಮಾತು ಕೋಲಾರ ಪೇಟೆಯವರಿಗೆ. ಕೋಲಾರಮ್ಮ ಮತ್ತು ಸೋಮೇಶ್ವರ ದೇವಸ್ಥಾನಗಳು ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳು. ಅಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟೋಣ ಮಾಡುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲೂ ಅನುಮತಿ ಪಡೆದೇ ಕಟ್ಟಬೇಕು.

ಮೂರನೆಯದು ಮಾಡು. ಕಲ್ನಾರು ಶೀಟಿನ ಮಾಡಾಗಿದ್ದರೆ ಎಚ್ಚರ. ಕಲ್ನಾರು ಅಂದರೆ ಆಸ್ಬೆಸ್ಟಾಸ್. ಸುಮ್ಮನಿದ್ದಾಗ ಅದು ಅಷ್ಟು ಅಪಾಯವಲ್ಲ. ಒಡೆದಾಗ, ಕೊರೆದಾಗ, ಗರಗಸ ಹಾಕಿದಾಗ ಏಳುವ ಧೂಳಿನ ಎಳೆ ಶ್ವಾಸಕೋಶಕ್ಕೆ ಹೋದರೆ ವಾಸಿಯಾಗದ ಕಾಯಿಲೆ ತರುತ್ತದೆ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಶೀಟನ್ನು ಇಡಿಯಾಗಿ ಇಳಿಸಬೇಕು. ಕೆಲಸದವರಿಗೆ ಸರಿಯಾದ ಮಾಸ್ಕ್ ಕೊಡಬೇಕು. ಮೇಲಿಂದ ಎಸೆಯಲು ಬಿಡಬೇಡಿ. ಆ ಧೂಳು ಕುಡಿಯುವವರು ದಿನಗೂಲಿಗೆ ಬಂದ ಹುಡುಗರು.

ನಾಲ್ಕನೆಯದು ನೀರು. ನಮ್ಮ ಕಡೆ ಬೋರ್‌ವೆಲ್ ನಂಬಿ ಮನೆ ಮಾಡುವ ಕಾಲ ಮುಗಿಯಿತು. ಆಳಕ್ಕೆ ಹೋದಷ್ಟೂ ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಜನಕ್ಕೆ ಇದನ್ನು ವಿವರಿಸಬೇಕಿಲ್ಲ. ಆದರೆ ಹಳೆ ಮಿಲ್ಲುಗಳ ಕೈಯಲ್ಲಿ ಒಂದು ಆಸ್ತಿ ಇದೆ, ದೊಡ್ಡ ಮಾಡು. ವರ್ಷಕ್ಕೆ 700 ಮಿಲಿಮೀಟರ್ ಮಳೆ ಅಂತ ಹಿಡಿಯೋಣ. 1500 ಚದರಡಿ, ಅಂದರೆ ಸುಮಾರು 140 ಚದರ ಮೀಟರ್ ಮಾಡು. ಹತ್ತರಲ್ಲಿ ಎಂಟು ಪಾಲು ನೀರು ಕೈಗೆ ಸಿಕ್ಕರೂ ಸುಮಾರು 78,000 ಲೀಟರ್ ಆಯಿತು. ನಾಲ್ಕು ಜನ ತಲಾ 70 ಲೀಟರಿನಂತೆ ಬಳಸಿದರೆ 280 ದಿನಕ್ಕೆ ಬರುತ್ತದೆ. ಹಿಡಿದಿಡಲು ಜಾಗ ಇರಬೇಕು, ಅಷ್ಟೇ. ಹೆಂಚಿನ ಮಾಡಿನ ನೀರನ್ನು ಸೋಸಿ, ಕಾಯಿಸಿ ಕುಡಿಯಬಹುದು. ಕಲ್ನಾರು ಮಾಡಿನದನ್ನು ಕುಡಿಯಲು ನಾನು ಹೇಳುವುದಿಲ್ಲ.

ಗಾಳಿ, ಬೆಳಕು, ಬಜೆಟ್ಟು ಇವೆಲ್ಲ ಮುಖ್ಯವೇ. ಆದರೆ ಮೇಲಿನ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಉಳಿದವು ಉಪಯೋಗಕ್ಕೆ ಬರುವುದಿಲ್ಲ.

ಎಣ್ಣೆ ಮಿಲ್ಲು, ಅಕ್ಕಿ ಮಿಲ್ಲು

ಚಿಂತಾಮಣಿ, ಮಧುಗಿರಿ, ಪಾವಗಡದ ಕಡೆ ಕಡಲೆಕಾಯಿ, ತಿಪಟೂರಿನಲ್ಲಿ ಕೊಬ್ಬರಿ, ಕೆರೆ ಬಯಲಿರುವ ಕಡೆಯೆಲ್ಲ ಭತ್ತ. ಹೀಗೆ ಬೆಳೆ ಇದ್ದಲ್ಲೆಲ್ಲ ಒಂದೊಂದು ಮಿಲ್ಲು ಎದ್ದಿತು. ಹಳೆಯವುಗಳ ಮೈಕಟ್ಟು ಗಟ್ಟಿ. ಸೈಜುಗಲ್ಲಿನ ಅಥವಾ ಇಟ್ಟಿಗೆಯ ದಪ್ಪ ಗೋಡೆ, ಸುಣ್ಣದ ಗಾರೆ, ಎತ್ತರದ ಮಾಡು. ಮಾರ್ಚ್ ಏಪ್ರಿಲ್‌ನಲ್ಲಿ ಗೋಡೆ ತಣ್ಣಗಿರುತ್ತದೆ. ರಾತ್ರಿ ಕಿಟಕಿ ತೆಗೆದು ಬೆಳಗ್ಗೆ ಎಂಟಕ್ಕೆ ಮುಚ್ಚಿದರೆ ಸಂಜೆವರೆಗೂ ಆ ತಂಪು ಇರುತ್ತದೆ. ನಮ್ಮ ಮನೆಯಲ್ಲಿ ಎಸಿ ಇಲ್ಲ, ಬೇಕು ಅಂತಲೂ ಅನಿಸಿಲ್ಲ.

ಕಷ್ಟ ಇರುವುದು ಗೋಡೆಯ ಕೆಳಭಾಗದಲ್ಲಿ ಮತ್ತು ನೆಲದಲ್ಲಿ. ನಮ್ಮಲ್ಲಿ ಗಾಣ ಇದ್ದ ಕಡೆ ಗೋಡೆ ಆಳೆತ್ತರದವರೆಗೆ ಎಣ್ಣೆ ಕುಡಿದು ಕಪ್ಪಾಗಿತ್ತು. ಮೊದಲು ಕೆಲಸಕ್ಕೆ ಬಂದ ಗುತ್ತಿಗೆದಾರರು ಅದರ ಮೇಲೇ ಸಿಮೆಂಟ್ ಪ್ಲಾಸ್ಟರ್ ಹೊಡೆದರು. ಎರಡನೇ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಎದ್ದು ಬಿತ್ತು. ಎಣ್ಣೆಯ ಮೇಲೆ ಸಿಮೆಂಟು ಹಿಡಿಯುವುದಿಲ್ಲ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವಕ್ಕೆ ಹೊರಗೆ ಬರಲು ದಾರಿಯೂ ಇಲ್ಲ. ಆಮೇಲೆ ಹಳೆ ಗಾರೆ ಕೆಲಸ ಬಲ್ಲ ಮೇಸ್ತ್ರಿಯೊಬ್ಬರು ಸಿಕ್ಕರು. ಸುಣ್ಣದ ಪುಡಿ, ಮರದ ಹೊಟ್ಟು ಕಲಸಿ ಗೋಡೆಗೆ ಮೆತ್ತಿ ಎಣ್ಣೆ ಎಳೆಸಿದರು. ಒಣಗಿದ ಮೇಲೆ ಕೆರೆದು ಮತ್ತೆ ಮೆತ್ತಿದರು. ನಾಲ್ಕು ಸಲ ಹೀಗೆ ಮಾಡಿ, ಬೆಲ್ಲ, ಅಳಲೆಕಾಯಿ ನೀರು ಸೇರಿಸಿದ ಸುಣ್ಣದ ಗಾರೆ ಹಾಕಿದರು. ಅದು ಇವತ್ತಿಗೂ ನಿಂತಿದೆ. ಒಂದು ಗೋಡೆ ಮಾತ್ರ ಎಷ್ಟು ಮಾಡಿದರೂ ಬಿಡಲಿಲ್ಲ. ಅದನ್ನು ಬರೀ ಕಲ್ಲಾಗಿಯೇ ಬಿಟ್ಟಿದ್ದೇವೆ. ಬೇಸಿಗೆ ಮಧ್ಯಾಹ್ನ ಅದರ ಹತ್ತಿರ ಕೂತರೆ ಈಗಲೂ ಕಡಲೆಕಾಯಿ ವಾಸನೆ ಬರುತ್ತದೆ. ನನಗೆ ಅದು ಇಷ್ಟ.

ಕಡಲೆಕಾಯಿ ಎಣ್ಣೆಯ ಗೋಡೆ ಜೊತೆ ಬದುಕಬಹುದು. ಡೀಸೆಲ್ ಕುಡಿದ ನೆಲ ಬೇರೆ ಮಾತು. ಎಂಜಿನ್ ಗುಂಡಿಯ ಮಣ್ಣು ಕಪ್ಪಗಿದ್ದು ವಾಸನೆ ಬಂದರೆ ಅದನ್ನು ತೆಗೆಸಲೇಬೇಕು. ಆ ಗುಂಡಿಯನ್ನು ನೀರಿನ ಸಂಪು ಮಾಡಬೇಡಿ. ಅಕ್ಕಿ ಮಿಲ್ಲಿನಲ್ಲಿ ಭತ್ತ ನೆನೆಸುತ್ತಿದ್ದ ತೊಟ್ಟಿ ಇದ್ದರೆ ಅದೃಷ್ಟ, ತೊಳೆದು ಬಿರುಕು ಮುಚ್ಚಿದರೆ ಮಳೆನೀರಿಗೆ ಆಗುತ್ತದೆ. ಮೇಷ್ಟ್ರ ಮಿಲ್ಲಿನಲ್ಲಿ ಅಂಥ ತೊಟ್ಟಿ ಎರಡು ಇವೆ.

ಒಳಗೆ ಮನೆ ಹೇಗೆ ಮಾಡುವುದು? ಇಡೀ ಮಿಲ್ಲನ್ನು ಕೋಣೆ ಕೋಣೆಯಾಗಿ ಸೀಳಬೇಡಿ. ಆಸ್ಟ್ರಿಯಾದ ವಿಯೆನ್ನಾ ಊರಲ್ಲಿ 1896ರಿಂದ 1899ರ ನಡುವೆ ಕಟ್ಟಿದ ನಾಲ್ಕು ದೊಡ್ಡ ಗ್ಯಾಸ್ ಸಂಗ್ರಹಾಗಾರಗಳನ್ನು 2001ರ ಹೊತ್ತಿಗೆ ಮನೆಗಳನ್ನಾಗಿ ಮಾಡಿದರು. ಹೊರಗಿನ ಇಟ್ಟಿಗೆ ಗೋಡೆ ಹಾಗೇ ಉಳಿಸಿ, ಒಳಗೆ ಹೊಸದು ಕಟ್ಟಿದರು. ಅಷ್ಟು ದೊಡ್ಡದು ನಮಗೆ ಬೇಡ, ಆ ಕ್ರಮ ಸಾಕು. ಮಲಗುವ ಕೋಣೆ, ಬಚ್ಚಲು ಇವನ್ನು ಮಿಲ್ಲಿನೊಳಗೆ ಬೇರೆ ಪೆಟ್ಟಿಗೆಯ ಹಾಗೆ, ಹಳೆ ಗೋಡೆಗೆ ಭಾರ ಹಾಕದಂತೆ ಕಟ್ಟಿ, ಮೇಲೆ ಅಟ್ಟ ಮಾಡಿ. ನಡುವಿನ ಜಾಗವನ್ನು ತೊಟ್ಟಿಮನೆಯ ಅಂಗಳದ ಹಾಗೆ ಬಿಡಿ. ಡಿಸೆಂಬರ್ ಚಳಿಯಲ್ಲಿ ದೊಡ್ಡ ಜಾಗ ತಣ್ಣಗೆ ಕೊರೆಯುತ್ತದೆ. ಆಗ ಸಣ್ಣ ಕೋಣೆಗಳು ಬೇಕಾಗುತ್ತವೆ.

ಖರ್ಚಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಹೊಸ ಮನೆಗೆ ಈಗ ಚದರಕ್ಕೆ, ಅಂದರೆ 100 ಚದರಡಿಗೆ, 2 ಲಕ್ಷದ ಆಸುಪಾಸು ಆಗುತ್ತದೆ. ಮಿಲ್ಲಿನಲ್ಲಿ ಪಾಯ, ಗೋಡೆಯ ದುಡ್ಡು ಉಳಿಯುತ್ತದೆ, ಆದರೆ ಮಾಡು, ನೆಲ ಮತ್ತು ಕುಶಲಕರ್ಮಿಗಳ ದಿನಗೂಲಿಗೆ ಜಾಸ್ತಿ ಹೋಗುತ್ತದೆ. ಟ್ರಸ್ಸಿನ ಮರ ಗೋಡೆಯೊಳಗೆ ಹೋಗುವ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಗೆದ್ದಲು ಅಥವಾ ಕೊಳೆ. ಎಲ್ಲ ತುದಿಯೂ ಹಾಗಿದ್ದರೆ ಮಾಡು ಪೂರ್ತಿ ಬದಲಿಸಬೇಕು, ಉಳಿತಾಯ ಅಲ್ಲಿಗೆ ಮುಗಿಯಿತು. ನೀವು ಅಂದಾಜು ಮಾಡಿದ ಮೊತ್ತದ ಮೇಲೆ ಕಾಲು ಭಾಗ ಬೇರೆ ತೆಗೆದಿಟ್ಟುಕೊಳ್ಳಿ. ಖಾತೆ ವಾಸಕ್ಕೆ ಬದಲಾಗುವವರೆಗೆ ಗೃಹಸಾಲ ಸಿಗುವುದು ಕಷ್ಟ, ಇದೂ ಲೆಕ್ಕದಲ್ಲಿರಲಿ.

ರೇಷ್ಮೆ ರೀಲಿಂಗ್ ಘಟಕ

ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಎಟಕುವುದು ಇದು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಅದರ ಸುತ್ತಲ ಬೀದಿಗಳಲ್ಲಿ ಚರಕ, ಕಾಟೇಜ್ ಬೇಸಿನ್ ಅನ್ನುವ ಸಣ್ಣ ಸಾಧನ ಇಟ್ಟುಕೊಂಡು ನೂಲು ಬಿಚ್ಚುತ್ತಿದ್ದ ಸಣ್ಣ ಘಟಕಗಳು ಎಷ್ಟೋ. ಸ್ವಯಂಚಾಲಿತ ಯಂತ್ರ ಬಂದ ಮೇಲೆ ಸಣ್ಣವರಲ್ಲಿ ಹಲವರು ನಿಲ್ಲಿಸಿದರು. ಕಟ್ಟಡ ಚಿಕ್ಕದು, ಊರೊಳಗೇ ಇದೆ. ಶಾಲೆ, ಆಸ್ಪತ್ರೆ, ಬಸ್ಸು ಎಲ್ಲ ನಡೆದು ಹೋಗುವ ದೂರ. ಪರಿಸರದ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ. ಊರಾಚೆ ಹಸಿರು ಮನೆ ಮಾಡಿಕೊಂಡು ದಿನಾ ಕಾರಲ್ಲಿ ಓಡಾಡಿದರೆ ಏನು ಬಂತು, ಅಲ್ವಾ?

ಆದರೆ ಗೂಡು ಬೇಯಿಸಿದ ನೀರು ವರ್ಷಾನುಗಟ್ಟಲೆ ನೆಲಕ್ಕೆ ಇಳಿದಿರುತ್ತದೆ. ಅದರಲ್ಲಿ ರೇಷ್ಮೆಯ ಅಂಟು, ಸತ್ತ ಹುಳುವಿನ ರಸ ಎಲ್ಲ ಸೇರಿರುತ್ತದೆ. ಮಳೆ ಬಂದ ದಿನ ಆ ವಾಸನೆ ಮೇಲೆ ಬರುತ್ತದೆ. ಬರೀ ಟೈಲ್ಸ್ ಹಾಕಿ ಮುಚ್ಚಿದರೆ ಹೋಗುವುದಿಲ್ಲ. ಒಂದಡಿ ಮಣ್ಣು ತೆಗೆದು, ಹಳೆ ಚರಂಡಿ ಕಿತ್ತು, ಸುಣ್ಣ ಚೆಲ್ಲಿ, ಬಿಸಿಲು ಗಾಳಿಗೆ ಒಂದೆರಡು ತಿಂಗಳು ಬಿಟ್ಟು ಆಮೇಲೆ ನೆಲ ಹಾಕಬೇಕು. ಗೋಡೆಯಲ್ಲಿ ಉಪ್ಪು ಬಿಡುತ್ತಿದ್ದರೆ ಸೊಂಟದೆತ್ತರದವರೆಗೆ ಗಾರೆ ಕಿತ್ತು ಸುಣ್ಣದ ಗಾರೆ ಹಾಕಿ. ಮಾಡಿನ ಮರ ಹೊಗೆ ಹಿಡಿದು ಕಪ್ಪಾಗಿರುತ್ತದೆ. ಅದಕ್ಕೆ ಹೆದರಬೇಡಿ, ಹೊಗೆ ತಿಂದ ಮರಕ್ಕೆ ಹುಳ ಕಡಿಮೆ. ಒಲೆಯ ಹಬೆ ನೇರ ತಾಗುತ್ತಿದ್ದ ಜಾಗದ ಮರವನ್ನು ಮಾತ್ರ ಚೆನ್ನಾಗಿ ನೋಡಿ.

ಎರಡು ಬದಿ ಪಕ್ಕದವರ ಗೋಡೆ, ಹಾಗಾಗಿ ಗಾಳಿ ಬೆಳಕು ಮೇಲಿಂದಲೇ ಬರಬೇಕು. ಹೊಗೆ ಹೋಗುತ್ತಿದ್ದ ಚಿಮಣಿಯ ಜಾಗವನ್ನು ಮುಚ್ಚಬೇಡಿ. ಬಿಸಿಗಾಳಿ ಹೊರಹೋಗಲು ಅದಕ್ಕಿಂತ ಒಳ್ಳೆ ದಾರಿ ಸಿಗದು. ಕೆಲವು ಗಾಜಿನ ಹೆಂಚು ಹಾಕಿದರೆ ಬೆಳಕಿಗೂ ಆಯಿತು.

ಇನ್ನೊಂದು ವಿಷಯವನ್ನು ಆ ಗಂಡ ಹೆಂಡತಿಗೆ ಒತ್ತಿ ಹೇಳಿದೆ. ಪಕ್ಕದ ಮನೆಯಲ್ಲಿ ಇನ್ನೂ ನೂಲು ಬಿಚ್ಚುತ್ತಿದ್ದರೆ ಹೊಗೆ, ವಾಸನೆ ಇರುತ್ತದೆ. ಅದು ಅವರ ಹೊಟ್ಟೆಪಾಡು. ನಾವು ಆಮೇಲೆ ಹೋಗಿ ಸೇರಿಕೊಂಡು ಅವರ ಮೇಲೆ ದೂರು ಬರೆಯುವುದು ನ್ಯಾಯವಲ್ಲ. ಬೆಳಗ್ಗೆ ಐದಕ್ಕೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೋಗಿ ಆ ಬೀದಿಯಲ್ಲಿ ನಿಂತು ನೋಡಿ. ತಡೆದುಕೊಳ್ಳಲು ಆಗುತ್ತದೆ ಅನಿಸಿದರೆ ಮಾತ್ರ ಮುಂಗಡ ಕೊಡಿ. ಮನೆಯಲ್ಲಿ ಉಬ್ಬಸದವರು ಇದ್ದರೆ ಬೇಡವೇ ಬೇಡ.

ಮಾಲೂರಿನ ಹೆಂಚಿನ ಕಾರ್ಖಾನೆ

ಒಂದು ಕಾಲಕ್ಕೆ ಮಾಲೂರು ಅಂದರೆ ಹೆಂಚು, ಇಟ್ಟಿಗೆ. ಮನೆಗಳಿಗೆ ಆರ್‌ಸಿಸಿ ತಾರಸಿ ಬಂದ ಮೇಲೆ ಹೆಂಚಿಗೆ ಬೇಡಿಕೆ ಬಿತ್ತು. ಉಳಿದಿರುವುದು ಉದ್ದುದ್ದದ ಒಣಗಿಸುವ ಶೆಡ್ಡು, ಹೆಂಚು ಸುಡುತ್ತಿದ್ದ ದಪ್ಪ ಗೋಡೆಯ ಗೂಡು, ಚಿಮಣಿ, ಮಣ್ಣು ತೆಗೆದ ಹಳ್ಳ. ನೋಡಲು ಇದರಷ್ಟು ಮನಸ್ಸು ಸೆಳೆಯುವ ಜಾಗ ನಮ್ಮ ಕಡೆ ಇನ್ನೊಂದು ಕಂಡಿಲ್ಲ. ಒಬ್ಬರಿಗೆ ಮಾತ್ರ ಇದು ಸಲ್ಲದು. ಜಾಗ ಎಕರೆ ಲೆಕ್ಕದಲ್ಲಿ ಬರುತ್ತದೆ. ನಾಲ್ಕೈದು ಕುಟುಂಬ ಸೇರಿದರೆ ಸರಿಹೋಗುತ್ತದೆ.

ಶೆಡ್ಡಿಗೆ ಗೋಡೆಯೇ ಇರುವುದಿಲ್ಲ, ಗಾಳಿ ಆಡಲು ಬಿಟ್ಟಿರುತ್ತಾರೆ. ಹಾಗಾಗಿ ಮಾಡು ಸಿಕ್ಕಿತು, ಗೋಡೆ ಕಟ್ಟಬೇಕು. ಇಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಒಳ್ಳೆಯ ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಾಡಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಶುರುವಾದ ಅಸ್ತ್ರ ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸ್ಥಳದ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದರೆ ಆಯಿತು, ಸುಡುವ ಕೆಲಸವಿಲ್ಲ. ಬರೀ ಹೆಂಚಿನ ಜೇಡಿ ಮಣ್ಣಾದರೆ ಬಿರುಕು ಬಿಡುತ್ತದೆ, ಮರಳು ಸೇರಿಸಬೇಕು.

ಚಿಮಣಿಯನ್ನು ಎಂಜಿನಿಯರಿಗೆ ತೋರಿಸದೆ ಅದರ ನೆರಳಲ್ಲಿ ಮಲಗಬೇಡಿ. ಅರಳಿ, ಆಲದ ಬೇರು ಹೊಕ್ಕಿದ್ದರೆ ಇಟ್ಟಿಗೆ ಸಡಿಲವಾಗಿರುತ್ತದೆ. ಸಿಡಿಲು ತಂತಿಯೂ ಬೇಕು. ಮಣ್ಣು ತೆಗೆದ ಹಳ್ಳ ಮಳೆನೀರಿಗೆ ವರ, ಮಕ್ಕಳಿಗೆ ಅಪಾಯ. ಒಂದು ಬದಿ ಇಳಿಜಾರು ಮಾಡಿ ಬೇಲಿ ಹಾಕಿ. ಕಲ್ಲಿದ್ದಲ ಬೂದಿ ಸುರಿದ ಕಡೆ ಮಣ್ಣು ಪರೀಕ್ಷೆ ಮಾಡಿಸದೆ ತರಕಾರಿ ಬೆಳೆಯಬೇಡಿ.

ಸೋಲಾರ್‌ಗೆ ಮೂರರಲ್ಲಿ ಇದೇ ಮೇಲು. ಹೆಂಚಿನ ಮೇಲೆ ಫಲಕ ಕೂರಿಸುವುದು ತಲೆನೋವು, ಒಂದು ಹೆಂಚು ಒಡೆದರೆ ಎಲ್ಲ ಬಿಚ್ಚಬೇಕು. ಇಲ್ಲಿ ಬಯಲಿದೆ. 3 ಕಿಲೋವಾಟ್‌ಗೆ ಸುಮಾರು 300 ಚದರಡಿ ಸಾಕು, ದಿನಕ್ಕೆ ಸರಾಸರಿ 12 ಯೂನಿಟ್ ಬರುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಅಷ್ಟಕ್ಕೆ 78,000 ರೂಪಾಯಿ ಸಹಾಯಧನ ಇದೆ. ಆದರೆ ಅದು ಮನೆಯ ಚಾವಣಿಗೆ, ಗೃಹಬಳಕೆ ಸಂಪರ್ಕಕ್ಕೆ. ಅಂಗಳದಲ್ಲಿ ಹಾಕುವುದಾದರೆ ಬೆಸ್ಕಾಂನಲ್ಲಿ ಮೊದಲೇ ಕೇಳಿಕೊಳ್ಳಿ. ಮೊದಲು ಸಂಪರ್ಕವನ್ನು ಕೈಗಾರಿಕೆಯಿಂದ ಮನೆಗೆ ಬದಲಿಸಬೇಕು.

ಕೆಜಿಎಫ್ ಬಗ್ಗೆ ಕೇಳುವವರಿಗೆ

ಕೆಜಿಎಫ್ ಅಂದರೆ ಕೋಲಾರ ಚಿನ್ನದ ಗಣಿ, 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಊರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡ ಊರು. ಆ ಕಟ್ಟಡಗಳನ್ನು ನೋಡಿ ಮನಸ್ಸು ಹೋಗುವುದು ಸಹಜ. ಆದರೆ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಭಾರತ್ ಗೋಲ್ಡ್ ಮೈನ್ಸ್ ಕೇಂದ್ರ ಸರ್ಕಾರದ ಕಂಪನಿ. ಅದರ ಆಸ್ತಿಯನ್ನು ಯಾರೋ ಬಿಳಿ ಹಾಳೆಯಲ್ಲಿ ಅಗ್ರಿಮೆಂಟ್ ಮಾಡಿ ಕೊಡಲು ಬರುವುದಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಧೂಳು ಬೇಸಿಗೆ ಗಾಳಿಗೆ ಏಳುತ್ತದೆ. ಅಲ್ಲೇ ಹುಟ್ಟಿ ಬೆಳೆದವರು ಅದನ್ನು ಸಹಿಸಿಕೊಂಡು ಬದುಕುತ್ತಿದ್ದಾರೆ, ಅವರಿಗೆ ಬೇರೆ ದಾರಿ ಇರಲಿಲ್ಲ. ಆಯ್ಕೆ ಇರುವವರು ದಿಬ್ಬದ ಪಕ್ಕ ಹೊಸದಾಗಿ ಮನೆ ಮಾಡುವುದು ಬೇಡ.

ಯಾರಿಗೆ ಯಾವುದು

ಶಿಡ್ಲಘಟ್ಟದ ಜೋಡಿಗೆ ನಾನು ಹೇಳಿದ್ದು ಇಷ್ಟು. ಇಬ್ಬರಿಗೂ ಆರೋಗ್ಯ ಗಟ್ಟಿ, ದುಡ್ಡು ಮಿತಿ, ಕೆಲಸ ಹತ್ತಿರ. ಬೀದಿ ಒಗ್ಗಿದರೆ ರೀಲಿಂಗ್ ಘಟಕ ತೆಗೆದುಕೊಳ್ಳಿ, ನೆಲಕ್ಕೆ ಮಾತ್ರ ಜಿಪುಣತನ ಬೇಡ. ಮಾಲೂರಿನ ಸ್ನೇಹಿತರು ಕಟ್ಟಡಕ್ಕೆ ಕೈಹಾಕುವ ಮುಂಚೆ ತಮ್ಮತಮ್ಮಲ್ಲಿ ಒಪ್ಪಂದ ಬರೆದು ನೋಂದಣಿ ಮಾಡಿಸಲಿ. ಯಾರಾದರೂ ಬಿಟ್ಟು ಹೋದರೆ ಪಾಲು ಏನಾಗಬೇಕು ಅನ್ನುವುದು ಅದರಲ್ಲಿರಲಿ. ಭೂ ಉಪಯೋಗ ಬದಲಾವಣೆಗೆ ಒಂದು ವರ್ಷ ಕಾಯುವ ತಾಳ್ಮೆ ಇಲ್ಲದಿದ್ದರೆ ಈಗಲೇ ಬಿಡುವುದು ಒಳ್ಳೆಯದು.

ಮಾಡು ಪೂರ್ತಿ ಕುಸಿದು, ಗೋಡೆ ಹೊರಕ್ಕೆ ವಾಲಿದ್ದರೆ ಬಿಚ್ಚಿ ಕಟ್ಟುವುದೂ ತಪ್ಪಲ್ಲ. ಜೆಸಿಬಿ ಬಿಡದೆ ಕೈಯಲ್ಲೇ ಬಿಚ್ಚಿಸಿ. ಸುಣ್ಣದ ಗಾರೆಯ ಇಟ್ಟಿಗೆ, ಸೈಜುಗಲ್ಲು ಇಡಿಯಾಗಿ ಬಿಡುತ್ತವೆ. ತೊಲೆ, ಬಾಗಿಲು, ಚಪ್ಪಡಿ ಎಲ್ಲ ಹೊಸ ಮನೆಗೆ ಆಗುತ್ತವೆ. ಮೇಷ್ಟ್ರ ಅಣ್ಣನ ಮಕ್ಕಳು ಅದನ್ನೇ ಹೇಳುತ್ತಿದ್ದರು. ಆದರೆ ಆ ಮಿಲ್ಲಿನ ಗೋಡೆ ನೇರವಾಗಿದೆ, ಏಳು ಟ್ರಸ್ಸಿನಲ್ಲಿ ಐದು ಗಟ್ಟಿ ಇವೆ, ಕಾಗದ ಮೇಷ್ಟ್ರ ಹೆಸರಿಗೇ ಇದೆ. ಅದನ್ನು ಉಳಿಸಿಕೊಳ್ಳಿ ಅಂತ ಕೈಮುಗಿದು ಹೇಳಿದೆ.

ಹೋದ ತಿಂಗಳು ಜೋರು ಮಳೆ ಬಂದ ಸಂಜೆ ಮೇಷ್ಟ್ರು ಮಿಲ್ಲಿನ ಬೀಗ ತೆಗೆದು ಒಳಗೆ ಹೋದರಂತೆ. ಟಾರ್ಚು, ಚಾಕ್‌ಪೀಸು ಹಿಡಿದು, ಸೋರಿದ ಕಡೆಯೆಲ್ಲ ನೆಲದ ಮೇಲೆ ಒಂದೊಂದು ಸುತ್ತು ಹಾಕಿದರಂತೆ. ಒಟ್ಟು ಹದಿನಾಲ್ಕು ಸುತ್ತು. ಅದರ ಫೋಟೋ ಕಳಿಸಿದ್ದಾರೆ. ಹೆಂಚಿನ ಕೆಲಸದವರು ಸೋಮವಾರದಿಂದ ಬರುತ್ತಾರೆ.